ಸದ್ದಿಲ್ಲದ ಗೋಪುರದ ಎಲಿಹಿಯೊ

ಎಲಿಹಿಯೊನನ್ನು ನಾನು ಬಹಳ ಕಾಲ ಪಾದ್ರಿ ಎಂದುಕೊಂಡಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಲಾಸ್ ಏಂಜಲೀಸಿನ ನಮ್ಮ ಬೀದಿಯ ತುದಿಯಲ್ಲಿ ಕೆನೆ ಬಣ್ಣದ ದೊಡ್ಡ ಕಟ್ಟಡವೊಂದಿದೆ. ಮೇಲೊಂದು ಗೋಪುರ, ಮುಂದೆ ಒಪ್ಪವಾಗಿ ಕತ್ತರಿಸಿದ ಹುಲ್ಲು, ಗೋಡೆಯ ಉದ್ದಕ್ಕೂ ಕಮಾನುಗಳು. ದಿನಾ ಬೆಳಗಾಗುವ ಮೊದಲು ಬಿಳಿ ಅಂಗಿ ತೊಟ್ಟ, ತಲೆ ನರೆತ ಒಬ್ಬ ಮನುಷ್ಯ ಬಂದು, ದೊಡ್ಡ ಬೀಗದ ಕೈ ಗೊಂಚಲಿನಿಂದ ಒಂದಿಷ್ಟೂ ಸದ್ದಾಗದ ಹಾಗೆ ಗೇಟು ತೆಗೆದು ಒಳಗೆ ಹೋಗುತ್ತಿದ್ದ. ಯಾರೊಂದಿಗೂ ಮಾತಿಲ್ಲ. ಇಷ್ಟು ಮೆತ್ತಗೆ ನಡೆಯುವವನು ದೇವರ ಕಡೆಯವನಲ್ಲದೆ ಮತ್ಯಾರ ಕಡೆಯವನು?

ಒಂದು ದಿನ ಅಡ್ಡಗಟ್ಟಿ, "ಫಾದರ್, ಭಾನುವಾರ ಪ್ರಾರ್ಥನೆ ಎಷ್ಟು ಹೊತ್ತಿಗೆ?" ಎಂದು ಕೇಳಿದೆ. ಅವನು ಪಿಸುಗುಟ್ಟುವ ದನಿಯಲ್ಲಿ, "ಪ್ರಶ್ನೆ ಇದ್ರೆ ಗೇಟಿನ ಮೇಲಿರೋ ನಂಬರಿಗೆ ಫೋನ್ ಮಾಡಿ ಸಾರ್," ಎಂದ. ಎಂಥ ಶಿಸ್ತಿನ ಧರ್ಮ ಎಂದು ಮೆಚ್ಚಿ ಅಲ್ಲೇ ನಿಂತು ಫೋನ್ ಮಾಡಿದೆ. ಅವನ ಜೇಬಿನಲ್ಲೇ ಗಂಟೆ ಹೊಡೆಯಿತು. ಅವನು ನನ್ನ ಮುಖವನ್ನೇ ನೋಡುತ್ತ ಫೋನ್ ಕಿವಿಗಿಟ್ಟು, "ಇದು ಎಣ್ಣೆ ಬಾವಿ ಸಾರ್. ಭಾನುವಾರಾನೂ ತೆಗೀತೀವಿ," ಎಂದ.

ಆ ಕಟ್ಟಡದೊಳಗೆ ದೇವರಿಲ್ಲ. ಮೇಲೆ ಸೂರೂ ಇಲ್ಲ. ನಾಲ್ಕು ಗೋಡೆ ಎಬ್ಬಿಸಿ ನಡುವೆ ಬಾವಿಗಳನ್ನು ಸಾಲಾಗಿ ಕೊರೆದಿದ್ದಾರೆ. ಬಾವಿಗಳು ನೆಟ್ಟಗೆ ಇಳಿಯುವುದಿಲ್ಲ. ಸ್ವಲ್ಪ ದೂರ ಇಳಿದು, ಓರೆಯಾಗಿ ತಿರುಗಿ, ಒಂದು ಶಾಲೆಯ ಅಡಿಗೆ, ಇನ್ನೊಂದು ಹಲ್ಲಿನ ಡಾಕ್ಟರ ಕುರ್ಚಿಯ ಅಡಿಗೆ, ಮತ್ತೊಂದು ನಮ್ಮೆಲ್ಲರ ಮಂಚಗಳ ಅಡಿಗೆ ಹೋಗುತ್ತವೆ. ಎಣ್ಣೆ ನೆಲದೊಳಗಿನ ಕೊಳವೆಯಲ್ಲೇ ಬಂದರಿನ ಕಡೆಗೆ ಹರಿಯುತ್ತದೆ. ಎಣ್ಣೆಯ ಜೊತೆ ಬಂದ ಉಪ್ಪುನೀರನ್ನು ಬೇರೆ ಮಾಡಿ ಮತ್ತೆ ಕೆಳಗೇ ಒತ್ತುತ್ತಾರೆ. ಆ ನೀರು ಕೆಳಗಿನ ಎಣ್ಣೆಯನ್ನು ಬಾವಿಯ ಕಡೆ ನೂಕುತ್ತದೆ. ಗೋಪುರವಿದೆಯಲ್ಲ, ಅದರೊಳಗೆ ಕೊಳವೆಗಳನ್ನು ಮೇಲೆತ್ತುವ ಯಂತ್ರ ನಿಂತಿದೆ. ಭೂಮಿಯಿಂದ ಎಣ್ಣೆ ತೆಗೆಯುವುದು ಅಂಥ ದೊಡ್ಡ ವಿದ್ಯೆಯಲ್ಲ. ಮೇಲೆ ಮಲಗಿದವರಿಗೆ ಎಚ್ಚರವಾಗದಂತೆ ತೆಗೆಯುವುದೇ ವಿದ್ಯೆ.

ಆ ವಿದ್ಯೆಗೆ ಕಂಪನಿ ಇಟ್ಟಿದ್ದ ಗುರು ವೆಂಡಲ್ ಪ್ರೂಯಿಟ್. ನೆರೆಹೊರೆ ಬಾಂಧವ್ಯದ ಅಧಿಕಾರಿ ಎಂದು ಅವನ ಹುದ್ದೆ. ಇಂಥದೊಂದು ಹುದ್ದೆ ಇದೆಯೆಂದು ನೆರೆಹೊರೆಗೆ ತಿಳಿದಿರಲಿಲ್ಲ; ವೆಂಡಲ್‌ಗೆ ಅದೊಂದನ್ನು ಬಿಟ್ಟು ಬೇರೇನೂ ತಿಳಿದಿರಲಿಲ್ಲ. "ಮೌನವೇ ನಮ್ಮ ನಿಜವಾದ ಉತ್ಪನ್ನ, ಎಣ್ಣೆ ಅದರ ಜೊತೆಗೆ ಬರೋ ಸಣ್ಣ ಲಾಭ," ಎಂದು ಕೆಲಸಗಾರರನ್ನು ನಿಲ್ಲಿಸಿಕೊಂಡು ಭಾಷಣ ಮಾಡುತ್ತಿದ್ದ. ಕೆಲಸಗಾರರಲ್ಲಿ ಅರ್ಧ ಜನ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಿದ್ದರು.

ಅವನ ಕಟ್ಟಳೆಗಳು ಹೀಗೆ: ಸುತ್ತಿಗೆಗೆ ತೊಗಲು ಸುತ್ತಬೇಕು. ಬಕೆಟ್ಟಿನ ತಳಕ್ಕೆ ರಬ್ಬರ್ ಅಂಟಿಸಬೇಕು. ಒಳಗೆ ಹೆಸರು ಹಿಡಿದು ಕೂಗಬಾರದು, ಕೈಸನ್ನೆ ಮಾಡಬೇಕು. ಗೇಟಿನ ಹೊರಗೆ ನಿಂತು ಊಟ ಮಾಡಬಾರದು, ಹೋಗಿಬರುವವರ ಜೊತೆ ಮಾತಿಗಿಳಿಯಬಾರದು. ಹೊಸದಾಗಿ ಸೇರಿದವನೊಬ್ಬ ಜೋರಾಗಿ ಸೀನಿದ್ದಕ್ಕೆ ವೆಂಡಲ್ ಅವನನ್ನು ಮೂಲೆಗೆ ಕರೆದು, ಮೊಣಕೈಯೊಳಗೆ ಸೀನುವುದನ್ನು ತಾನೇ ಮಾಡಿ ತೋರಿಸಿದ.

ಇಂಥ ಜಾಗದಲ್ಲಿ ಎಲಿಹಿಯೊ ಕಿಂತನಾರ್ ಪ್ರಾಯ ಕಳೆದ. ಮೊದಲಿನಿಂದಲೂ ಮೆತ್ತಗಿನವನೇನಲ್ಲ. ಅವನು ಹುಟ್ಟಿದ್ದು ಬಂದರಿನ ಪಕ್ಕದ ವಿಲ್ಮಿಂಗ್ಟನ್ನಿನಲ್ಲಿ, ಉಪ್ಪು ಕೇಳುವುದಕ್ಕೂ ಗಂಟಲು ಹರಿದುಕೊಳ್ಳುವ ಮೆಕ್ಸಿಕನ್ ಮನೆಯಲ್ಲಿ. ಹರೆಯದಲ್ಲಿ ಮದುವೆಮನೆಗಳಲ್ಲಿ ಹಾಡುತ್ತಿದ್ದ. ಅವನು ದನಿ ಎತ್ತಿದರೆ ಆಚೆ ಬೀದಿಯ ನಾಯಿಗಳೂ ಸೇರಿಕೊಳ್ಳುತ್ತಿದ್ದವು ಎಂದು ಅವನ ಅಕ್ಕ ಎರ್ಲಿಂದಾ ಈಗಲೂ ಹೇಳುತ್ತಾಳೆ. ಬಾವಿಯ ಕೆಲಸ ಆ ಗಂಟಲನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡಿತು. ಮನೆಯಲ್ಲೂ ಅವನು ತಟ್ಟೆಯನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ, ಇಳಿಸುತ್ತಿದ್ದ. ಬಾಗಿಲು ಮುಚ್ಚಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಅವನ ಹೆಂಡತಿ ರೊಸೌರಾ ಬೆನ್ನ ಹಿಂದೆ ಅವನನ್ನು ಕಂಡು ಎಷ್ಟೋ ಸಲ ಬೆಚ್ಚಿ ಕಿರುಚಿದ್ದಳು. "ನಾನು ಮದುವೆ ಆಗಿದ್ದು ಮನುಷ್ಯನ್ನೋ ದೆವ್ವಾನೋ?" ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೊಮ್ಮೆ ಬಿಟ್ಟುಹೋದಳು. ಹೋಗಿ ಕಟ್ಟಿಕೊಂಡಿದ್ದು ಹಳೇ ಕಾರುಗಳನ್ನು ಹರಾಜು ಕೂಗುವವನನ್ನು. ಆಕೆಗೆ ಬೇಕಾಗಿದ್ದೇನು ಎಂಬುದು ಎಲಿಹಿಯೊಗೆ ಆಗ ತಿಳಿಯಿತು.

ಆಮೇಲೆ ಅವನಿದ್ದದ್ದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ಕೆಳಗೆ ಯಂತ್ರಗಳು ತಿರುಗುವ ಸದ್ದಿಗೆ ಅವನಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಅವನೊಂದಿಗೆ ತಾನಾಗಿ ಮಾತಾಡುತ್ತಿದ್ದದ್ದು ಗೇಟಿನ ಮೇಲಿನ ಆ ನಂಬರು ಒಂದೇ. ಬಾಂಧವ್ಯದ ಅಧಿಕಾರಿಗೆ ದೂರು ಕೇಳುವ ವ್ಯವಧಾನವಿರಲಿಲ್ಲವಾಗಿ, ಆ ಫೋನನ್ನು ಅವನು ಎಲಿಹಿಯೊನ ಜೇಬಿಗೆ ದಾಟಿಸಿದ್ದ.

ದೂರುಗಳೆಂದರೆ ಸಾಮಾನ್ಯವಾಗಿ ಇಷ್ಟೇ: ಗುಂಯ್ ಎನ್ನುತ್ತದೆ, ಲಾರಿ ಬಂತು, ದೀಪ ಕಣ್ಣಿಗೆ ಹೊಡೆಯುತ್ತದೆ. ಒಮ್ಮೆ ಮಾಡಿದವರು ಮತ್ತೆ ಮಾಡುತ್ತಿರಲಿಲ್ಲ. ಬಿಡದೆ ಮಾಡಿದವಳು ಒಬ್ಬಳೇ, ಹಿಂದಿನ ಗೋಡೆಗೆ ತಾಗಿದ ಮನೆಯ ಜಾಬೆಲ್ ತೆರ್ಜಿಯಾನ್. ಬೈರೂತ್ ನಗರದಿಂದ ಬಂದ ಅರ್ಮೇನಿಯ ಮೂಲದ ಹೆಂಗಸು, ಮದುವೆಯಾದವಳಲ್ಲ. ಊರಿನವರ ಮದುವೆಯ ಉಡುಪುಗಳನ್ನು ಹೊಲಿದು, ಬಿಚ್ಚಿ, ಸಡಿಲಿಸಿ ಬದುಕಿದವಳು.

"ವಾಸನೆ," ಎನ್ನುತ್ತಿದ್ದಳು ಫೋನಿನಲ್ಲಿ. ಹಲೋ ಎನ್ನುವ ಪದ್ಧತಿ ಆಕೆಗಿರಲಿಲ್ಲ.

"ಎಂಥ ವಾಸನೆ, ಸೆನ್ಯೋರಾ?"

"ನಾನು ಸೆನ್ಯೋರಾ ಅಲ್ಲ. ದಿಗಿನ್ ಅನ್ನು, ನಮ್ಮಲ್ಲಿ ದೊಡ್ಡ ಹೆಂಗಸರಿಗೆ ಹಾಗೇ ಅನ್ನೋದು. ಕೊಳೆತ ಮೊಟ್ಟೆ ವಾಸನೆ. ಬೇಗ ಬಾ."

ದೂರು ಕೊಟ್ಟವರ ಮನೆಗೆ ಗಾಳಿಯಲ್ಲಿ ಗ್ಯಾಸ್ ಸೇರಿದೆಯೇ ಎಂದು ಅಳೆಯುವ ಮೀಟರ್ ಹಿಡಿದು ಹೋಗಬೇಕೆಂಬುದು ನಿಯಮ. ಅಂಗಳದಲ್ಲಿ ನಿಲ್ಲಬೇಕು, ಹೊಸಿಲು ದಾಟಬಾರದು ಎಂಬುದು ವೆಂಡಲ್ ಸೇರಿಸಿದ ಬಾಲ. ಎಲಿಹಿಯೊ ಅಂಗಳದ ನಿಂಬೆ ಗಿಡದ ಪಕ್ಕ ನಿಂತು ಮೀಟರ್ ಎತ್ತಿ ಹಿಡಿಯುತ್ತಿದ್ದ. ಸಮುದ್ರದ ಕಡೆಯ ಗಾಳಿ ಬೀಸಿ ಹೋಗುತ್ತಿತ್ತು. ಮೀಟರ್ ತೆಪ್ಪಗಿರುತ್ತಿತ್ತು. ಅವನ ಮೂಗಂತೂ ಅದಕ್ಕಿಂತ ತೆಪ್ಪಗಿತ್ತು. ಬಾವಿಯ ಬಾಯಲ್ಲಿ ಬಾಳಿದ ಮೂಗಿಗೆ ಆ ವಾಸನೆ ಹತ್ತದೆ ಎಷ್ಟೋ ವರ್ಷಗಳಾಗಿದ್ದವು.

"ಏನೂ ಇಲ್ಲ, ದಿಗಿನ್."

"ಇದೆ."

"ಮೀಟರ್ ಇಲ್ಲ ಅಂತಿದೆ."

"ನಿನ್ನ ಮೀಟರಿಗೆ ಸಂಬಳ ಕೊಡೋರು ಯಾರು? ಅವರೇ ತಾನೆ?"

ಹೋಗುತ್ತ ಬರುತ್ತ ಎಲಿಹಿಯೊನ ತಲೆಯಲ್ಲಿ ಒಂದು ವಿಚಾರ ಬೇರುಬಿಟ್ಟಿತು. ವಾಸನೆ ಇಲ್ಲ, ಆದರೂ ಕರೆಯುತ್ತಾಳೆ. ಒಂಟಿ ಹೆಂಗಸು. ಕರೆಯಲು ಕಾರಣ ಬೇಡವೇ? ಪಾಪ, ವಾಸನೆಯೊಂದು ನೆಪ. ಸ್ವತಃ ಒಂಟಿಯಾದವನಿಗೆ ಈ ಲೆಕ್ಕ ಬಹಳ ಸಲೀಸಾಗಿ ಕೂಡಿಬಂತು. ಅಂದಿನಿಂದ ಬಿಳಿ ಅಂಗಿಗೆ ಇಸ್ತ್ರಿ ಶುರುವಾಯಿತು. ಆಕೆಯ ಫೋನ್ ಬಾರದ ವಾರ ಅವನು ಜೇಬಿನಿಂದ ಫೋನ್ ತೆಗೆದು ಕೆಟ್ಟಿದೆಯೇ ಎಂದು ನೋಡುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ, ಒಂದು ಬಟ್ಟಲು ಕಾಫಿ. ಅಂಗಳದಲ್ಲಿ ನಿಂತಾಗ ಅಡುಗೆಮನೆಯ ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಅಕ್ಕಪಕ್ಕದ ಅರ್ಮೇನಿಯದ ಹೆಂಗಸರು ಬಂದು ಕೂರುವುದು, ಜಾಬೆಲ್ ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯಲ್ಲಿ ಕಾಫಿ ಉಕ್ಕಿಸುವುದು, ಕುಡಿದಾದ ಮೇಲೆ ಬಟ್ಟಲನ್ನು ಬೋರಲು ಹಾಕಿ, ತಳದ ಗಸಿ ನೋಡಿ ಒಬ್ಬೊಬ್ಬರಿಗೂ ಮುಂದಿನದನ್ನು ಹೇಳುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ಎಲಿಹಿಯೊಗೆ ಮುಂದಿನದನ್ನು ಯಾರೂ ಹೇಳಿರಲಿಲ್ಲ. ಹೇಳುವಂಥದ್ದು ಇದೆಯೆಂದು ಅವನಿಗೂ ಅನಿಸಿರಲಿಲ್ಲ, ಆ ಕಿಟಕಿ ನೋಡುವ ತನಕ.

ಒಂದು ಸಲ ಧೈರ್ಯ ಮಾಡಿ, ವಿಲ್ಮಿಂಗ್ಟನ್ನಿನಿಂದ ಸಕ್ಕರೆ ಹೊದಿಸಿದ ಬನ್ನುಗಳ ಪೊಟ್ಟಣ ಒಯ್ದ.

"ಏನಿದು?"

"ಸಿಹಿ ಬನ್ನು, ದಿಗಿನ್. ಕಾಫಿ ಜೊತೆ ಚೆನ್ನಾಗಿರುತ್ತೆ."

"ಕಂಪನಿ ತಿಂಡಿ ನಾನು ಮುಟ್ಟಲ್ಲ."

"ಕಂಪನೀದಲ್ಲ, ನಾನೇ ತಂದದ್ದು."

"ನೀನು ಬೇರೆ, ಕಂಪನಿ ಬೇರೆನಾ?" ಎಂದವಳು ಪೊಟ್ಟಣ ತೆಗೆದುಕೊಂಡು, ಅವನೆದುರಿಗೇ ಒಂದೊಂದಾಗಿ ಮುರಿದು ಪಾರಿವಾಳಗಳಿಗೆ ಹಾಕಿದಳು. ಪಾರಿವಾಳಗಳು ಬಹಳ ಮೆಚ್ಚಿಕೊಂಡವು.

ಆಕೆ ಅವನನ್ನು ಒಳಗೆ ಕರೆಯದಿದ್ದುದಕ್ಕೆ ಕಾರಣ ಅವನಿಗೆ ತಿಳಿದಿರಲಿಲ್ಲ. ಆಕೆಯ ಮನೆತನದಲ್ಲಿ ಹೊಸಿಲು ದಾಟಿ ಬಂದವನಿಗೆ ಕಾಫಿ ಕೊಡದೆ ಕಳಿಸಿದ ದಾಖಲೆಯೇ ಇರಲಿಲ್ಲ. ತೆರಿಗೆಯವರು ಬರಲಿ, ಜಗಳಕ್ಕೆ ಬಂದವರಿರಲಿ, ಒಳಗೆ ಬಂದನೆಂದರೆ ಅತಿಥಿ. ಕಂಪನಿಯವನಿಗೆ ಕಾಫಿ ಕೊಡುವುದಿಲ್ಲವೆಂದು ಆಕೆ ಶಪಥ ಮಾಡಿದ್ದಳು. ಹಾಗಾಗಿ ಒಳಗೆ ಬಿಡುವ ಹಾಗೇ ಇರಲಿಲ್ಲ. ಅತ್ತ ವೆಂಡಲ್‌ನ ನಿಯಮ, ಇತ್ತ ಜಾಬೆಲಳ ಮರ್ಯಾದೆ. ಎರಡೂ ಸೇರಿ ಮೀಟರನ್ನು ನಿಂಬೆ ಗಿಡದ ಪಕ್ಕದಲ್ಲೇ ನಿಲ್ಲಿಸಿಬಿಟ್ಟವು.

ಚಳಿಗಾಲ ಬಂತು. ಕೆಳಗೆ ಎಣ್ಣೆ ಕಮ್ಮಿಯಾಯಿತೆಂದು ಕಂಪನಿ ನೀರು ಒತ್ತುವುದನ್ನು ಜೋರು ಮಾಡಿತು. ಕ್ರಿಸ್‌ಮಸ್ಸಿನ ಮುಂಚಿನ ಒಂದು ಸಂಜೆ ಫೋನ್ ಬಂತು. ಎಲಿಹಿಯೊ ಅಂಗಿಯ ಕಾಲರ್ ಸರಿಮಾಡಿಕೊಂಡು ಹೋದ. ಜಾಬೆಲ್ ದಿನವಿಡೀ ಹೊರಗಿದ್ದು ಆಗಷ್ಟೇ ಮರಳಿದ್ದಳು. ಮನೆಯ ಕಿಟಕಿಗಳೆಲ್ಲ ಚಳಿಗೆ ಮುಚ್ಚಿದ್ದವು.

ಅವನು ವಾಡಿಕೆಯಂತೆ ನಿಂಬೆ ಗಿಡದ ಪಕ್ಕ ಹೋಗಿ ಮೀಟರ್ ಎತ್ತಿದ.

"ಅಲ್ಲಿ ಏನು ನಿಂಬೆಹಣ್ಣು ಅಳೀತೀಯಾ?" ಎಂದಳು ಆಕೆ ಬಾಗಿಲಲ್ಲಿ ನಿಂತು. "ವಾಸನೆ ಇರೋದು ಒಳಗೆ. ಸ್ನಾನದ ಮನೇಲಿ."

"ಒಳಗೆ ಬರೋ ಹಾಗಿಲ್ಲ, ದಿಗಿನ್. ನಿಯಮ."

"ನನಗೂ ಬಿಡೋ ಹಾಗಿಲ್ಲ. ಆದ್ರೆ ತಲೆ ಸಿಡೀತಿದೆ, ಸಾಕಾಗಿದೆ." ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಬಾ. ಕಾಲೊರೆಸಿಕೊಂಡು ಬಾ."

ಎಲಿಹಿಯೊ ಕಾಲೊರೆಸಿಕೊಂಡ, ಇನ್ನೊಮ್ಮೆ ಒರೆಸಿಕೊಂಡ. ಅವನು ಹೊಸಿಲು ದಾಟಿದ ಗಳಿಗೆ ಜಾಬೆಲ್ ನಿಟ್ಟುಸಿರುಬಿಟ್ಟು, ಸೋತವಳ ಹಾಗೆ ಅಡುಗೆಮನೆಗೆ ನಡೆದಳು. "ಎಡಕ್ಕೆ ಹೋಗು. ಸಕ್ಕರೆ ಎಷ್ಟು?"

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. "ಏನು, ದಿಗಿನ್?"

"ಕಾಫಿಗಪ್ಪಾ! ಸಕ್ಕರೆ ಎಷ್ಟು? ಬಾಯಲ್ಲಿ ನಾಲಿಗೆ ಇಲ್ವಾ?"

"ಎರಡು," ಎಂದ. ತಾಮ್ರದ ಪಾತ್ರೆಗೆ ನೀರು ಬೀಳುವ ಸದ್ದು ಕೇಳಿಸಿತು. ಡಬ್ಬಿಯ ಮುಚ್ಚಳ ತೆಗೆದ ಸದ್ದು. ಚಮಚದ ಸದ್ದು. ಸದ್ದುಗಳನ್ನು ಅಡಗಿಸುತ್ತಲೇ ಬದುಕು ಸವೆಸಿದವನು ನಡುಮನೆಯಲ್ಲಿ ನಿಂತು ಒಂದೊಂದನ್ನೂ ಬಿಡದೆ ಕೇಳಿಸಿಕೊಂಡ. ಆಮೇಲೆ ನಗುಮುಖದಲ್ಲೇ ಸ್ನಾನದ ಮನೆಯ ಬಾಗಿಲು ತಳ್ಳಿದ.

ಮೀಟರ್ ಚೀರಿಕೊಂಡಿತು. ಅದು ಹಾಗೆ ಚೀರಿದ್ದನ್ನು ಅವನು ಬಾವಿಯ ಬಾಯಲ್ಲೂ ಕೇಳಿರಲಿಲ್ಲ. ಬೆನ್ನ ಹಿಂದೆ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಗಲಗಲ ಎಂದಿತು. ಜಾಬೆಲಳ ಹಳೇ ಒಲೆ ಕಡ್ಡಿ ಗೀರದೆ ಹೊತ್ತುತ್ತಿರಲಿಲ್ಲ.

"ಹಚ್ಚಬೇಡಿ!"

ಹರೆಯದಲ್ಲಿ ಕಳೆದುಹೋಗಿದ್ದ ಗಂಟಲು ಎಲ್ಲಿತ್ತೋ, ಹೊರಗೆ ಬಂತು. ಗೋಡೆಯ ಮೇಲಿನ ತಟ್ಟೆಗಳು ಗಲ್ಲೆಂದವು. ಜಾಬೆಲಳ ಕೈಯಿಂದ ಕಡ್ಡಿ, ಪೊಟ್ಟಣ ಎರಡೂ ಬಿದ್ದವು.

"ಯಾಕೋ ಹಾಗೆ ಕಿರುಚ್ತೀಯಾ? ನಾನೇನು ವಿಷ ಹಾಕ್ತಿದ್ದೀನಾ?"

"ಬಿಟ್ಬಿಡಿ! ಏನೂ ಮುಟ್ಟಬೇಡಿ, ದೀಪದ ಸ್ವಿಚ್ ಮುಟ್ಟಬೇಡಿ, ಹೊರಗೆ ನಡೀರಿ!" ಎಂದು ಕೂಗುತ್ತಲೇ ಆಕೆಯ ತೋಳು ಹಿಡಿದು ಅಂಗಳ ದಾಟಿಸಿದ. ಬೀದಿಗೆ ಬಂದು ಎಡಬಲದ ಮನೆಗಳ ಕಡೆ ತಿರುಗಿ ಅದೇ ದನಿಯಲ್ಲಿ ಕೂಗಿದ. ನಾಯಿಗಳು ಸೇರಿಕೊಂಡವು.

ಬೀದಿಯ ಮೂಲೆಗೆ ತಲುಪುವಷ್ಟರಲ್ಲಿ ಅವನ ಜೇಬಿನ ಫೋನ್ ಬಡಿದುಕೊಳ್ಳತೊಡಗಿತು. ಯಾರೋ ಗಂಡಸು: "ದೂರು ಕೊಡಬೇಕಿತ್ತು. ಇಲ್ಲಿ ಯಾವನೋ ಕುಡಿದು ಬೀದೀಲಿ ಅರಚ್ತಿದ್ದಾನೆ."

"ಅರಚ್ತಿರೋನು ನಾನೇ ಸಾರ್. ನೀವೂ ಹೊರಗೆ ಬನ್ನಿ."

ಬೆಂಕಿ ಆರಿಸುವವರು ಬಂದರು, ಬೀದಿಗೆ ಹಗ್ಗ ಕಟ್ಟಿದರು. ಜಾಬೆಲ್ ರಸ್ತೆ ಬದಿಯಲ್ಲಿ ಎಲಿಹಿಯೊನ ಕೋಟು ಹೊದ್ದು ಕೂತಿದ್ದಳು.

"ಹಾಗಾದ್ರೆ ವಾಸನೆ ಇತ್ತು," ಎಂದಳು.

"ಇತ್ತು, ದಿಗಿನ್."

"ನಾನು ಹೇಳ್ತಾನೇ ಇದ್ದೆ."

"ಹೇಳ್ತಿದ್ರಿ."

"ನಿನಗೆ ಬರ್ತಿರಲಿಲ್ವಾ?"

"ನನ್ನ ಮೂಗು ಸತ್ತು ಬಹಳ ವರ್ಷ ಆಯ್ತು."

ಆಕೆ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. "ಮತ್ತೆ ಅಷ್ಟು ದಿನ ನನ್ನ ಅಂಗಳಕ್ಕೆ ಏನು ಮೂಸೋಕೆ ಬರ್ತಿದ್ದೆ?"

ಎಲಿಹಿಯೊ ತನ್ನ ಬೂಟು ನೋಡಿಕೊಂಡ. ಆ ಹೊತ್ತಿಗೆ ವೆಂಡಲ್ ಬಂದ, ಟೈ ಕಟ್ಟಿಕೊಂಡೇ. ಬಂದವನು ಮೊದಲು ಕೇಳಿದ್ದು, "ಕೂಗಿದ್ದು ಯಾರು?" ಎಂದು.

ಆಮೇಲೆ ಸ್ನಾನದ ಮನೆಯ ನೆಲ ಅಗೆದರು. ಕಲ್ಲುಚಪ್ಪಡಿಯ ಅಡಿಯಲ್ಲಿ ತುಕ್ಕು ತಿಂದ ಒಂದು ಕೊಳವೆಯ ಬಾಯಿ ಸಿಕ್ಕಿತು. ಮುತ್ತಾತಂದಿರ ಕಾಲದಲ್ಲಿ ಇಲ್ಲಿ ಮನೆಗಳಿರಲಿಲ್ಲ. ಹೊಲದ ತುಂಬ ಬಾವಿ ಕೊರೆದು, ಎಣ್ಣೆ ಮುಗಿದ ಮೇಲೆ ಮರದ ದಿಮ್ಮಿ, ಮಣ್ಣು, ಕೈಗೆ ಸಿಕ್ಕಿದ್ದನ್ನು ತುರುಕಿ ಹೋಗಿದ್ದರು. ಅದರ ಮೇಲೆ ಯಾರೋ ಬೀದಿ ಎಳೆದರು, ಯಾರೋ ಮನೆ ಕಟ್ಟಿದರು, ಯಾರೋ ಸ್ನಾನದ ತೊಟ್ಟಿ ಇಟ್ಟರು. ಈಗ ಕೆಳಗೆ ನೀರು ಒತ್ತಿದ ಹಾಗೆಲ್ಲ ಆ ಮುದಿ ಬಾವಿ ಉಸಿರಾಡುತ್ತಿತ್ತು.

ಆ ಮನೆಯಲ್ಲಿ ಇನ್ನು ವಾಸ ಕೂಡದು ಎಂದಾಯಿತು. ಸಾಮಾನು ತೆಗೆಯುವ ದಿನ ಎಲಿಹಿಯೊ ಮೀಟರ್ ಹಿಡಿದು ಜೊತೆಗಿದ್ದ. ಅಡುಗೆಮನೆಯ ಒಲೆಯ ಮೇಲೆ ತಾಮ್ರದ ಪಾತ್ರೆ ಹಾಗೇ ಇತ್ತು. ನೀರು ಆರಿ, ಕಾಫಿಪುಡಿ ತಳಕ್ಕೆ ಕಚ್ಚಿತ್ತು. ಪಕ್ಕದಲ್ಲಿ ಎರಡು ಬಟ್ಟಲು. ಅವನು ಅದನ್ನು ತೊಳೆದು, ಒರೆಸಿ, ಸದ್ದಾಗದಂತೆ ಕಾಗದದಲ್ಲಿ ಸುತ್ತಿ ಆಕೆಯ ಕೈಗೆ ಕೊಟ್ಟ.

ಆಕೆ ಗ್ಲೆಂಡೇಲಿನಲ್ಲಿರುವ ತಂಗಿಯ ಮಗಳ ಮನೆಗೆ ಹೊರಟಿದ್ದಳು. ಕಾರು ಹತ್ತಿದವಳು ಗಾಜು ಇಳಿಸಿ, ಮುಖ ಗಂಟಿಕ್ಕಿಕೊಂಡೇ ಹೇಳಿದಳು: "ಒಳಗೆ ಕರೆದು ಕಾಫಿ ಕೊಡದೆ ಕಳಿಸಿದ್ದು ನನ್ನ ಜನ್ಮದಲ್ಲೇ ಇಲ್ಲ. ಬಂದು ಕುಡಿದು ಹೋಗು. ಎರಡು ಸಕ್ಕರೆ, ನೆನಪಿದೆ."

"ಸರಿ, ದಿಗಿನ್," ಎಂದ ಎಲಿಹಿಯೊ. ಮತ್ತೆ ಹಳೇ ದನಿ. ಆಕೆಗೆ ಕೇಳಿಸಿತೋ ಇಲ್ಲವೋ.

ಮನೆ ಕೆಡವಿ, ಹಳೇ ಬಾವಿಗೆ ಸಿಮೆಂಟು ತುಂಬಿ, ಉಳಿದ ಗ್ಯಾಸ್ ಮೇಲೆ ಹೋಗಲೆಂದು ಎತ್ತರದ ಕೊಳವೆಯೊಂದನ್ನು ನೆಟ್ಟರು. ಬರೀ ಕೊಳವೆ ಚೆಂದವಲ್ಲವೆಂದು ವೆಂಡಲ್ ಅದಕ್ಕೆ ದೀಪದ ಕಂಬದ ವೇಷ ಹಾಕಿಸಿದ. ದೀಪ ಮಾತ್ರ ಹತ್ತುವುದಿಲ್ಲ, ಹತ್ತಲೂಬಾರದು. ನಿಂಬೆ ಗಿಡ ಉಳಿದಿದೆ. ಎಲಿಹಿಯೊ ಈಗಲೂ ಆಗಾಗ ಬಂದು ಅದರ ಪಕ್ಕ ನಿಂತು ಮೀಟರ್ ಎತ್ತಿ ಹಿಡಿಯುತ್ತಾನೆ. ಎದುರಿಗೆ ಕಿಟಕಿಯಿಲ್ಲ. ಮೊದಮೊದಲು ಪಾರಿವಾಳಗಳು ಅವನ ಕೈ ನೋಡುತ್ತಿದ್ದವು; ಏನೂ ಇಲ್ಲವೆಂದು ಕಂಡ ಮೇಲೆ ಅವೂ ಬರುವುದನ್ನು ಬಿಟ್ಟವು.

ಈ ಸಲದ ಕ್ರಿಸ್‌ಮಸ್ಸಿಗೆ ಅವನು ಅಕ್ಕನ ಮನೆಗೆ ಹೋದ. ಎರ್ಲಿಂದಾ ಮೆಕ್ಕೆಜೋಳದ ಸಿಪ್ಪೆ ಬಿಡಿಸಿ ಬಿಸಿ ಬಿಸಿ ತಮಾಲೆ ಕಡುಬುಗಳನ್ನು ತಟ್ಟೆಗೆ ಹಾಕುತ್ತ, ಇಡೀ ಕೇರಿಗೆ ಕೇಳುವ ಹಾಗೆ ಶುರುಮಾಡಿದಳು.

"ವರ್ಷ ಆಗೋಕೆ ಬಂತಲ್ಲೋ. ಆ ಹೆಂಗಸು ಬಾ ಅಂದ್ಳಂತೆ, ಕಾಫಿ ಕೊಡ್ತೀನಿ ಅಂದ್ಳಂತೆ. ಗ್ಲೆಂಡೇಲ್ ಏನು ಚಂದ್ರಲೋಕದಲ್ಲಿದ್ಯಾ? ಬಸ್ ಹೋಗಲ್ವಾ? ನಿನ್ನ ಕಾಲಿಗೇನು ಮೊಳೆ ಹೊಡೆದಿದ್ದಾರಾ? ಯಾಕೋ ಹೋಗಿಲ್ಲ?"

ಎಲಿಹಿಯೊ ಜೇಬಿನಿಂದ ಫೋನ್ ತೆಗೆದು ನೋಡಿ, ಮೇಜಿನ ಮೇಲೆ ಸದ್ದಾಗದಂತೆ ಇಳಿಸಿದ.

"ದೂರು ಬಂದಿಲ್ಲ."